ಲಿಯೋ ಕಟ್ಟಿದ ಚಕ್ರ

ಅತ್ತಾವರದಲ್ಲಿ ಆಗ ಕಾರು ಬಂದರೆ ನಾವು ಆಟ ನಿಲ್ಲಿಸಿ ನೋಡುತ್ತಿದ್ದೆವು. ಸೈಕಲ್ ಬಂದರೆ ನೋಡುತ್ತಿರಲಿಲ್ಲ, ಕೇಳುತ್ತಿದ್ದೆವು. ಬೆಲ್ಲಿನ ಸದ್ದಿನಲ್ಲೇ ಮೀನಿನವನು ಯಾರು, ಅಂಚೆಯವನು ಯಾರು ಎಂದು ತಿಳಿಯುತ್ತಿತ್ತು. ನನ್ನ ಗೆಳೆಯ ಲಿಯೋಗೆ ಬೆಲ್ಲೂ ಬೇಕಾಗಿರಲಿಲ್ಲ. ಅವನು ಜಗಲಿಯಲ್ಲಿ ಕುಳಿತು, ಕಣ್ಣು ಮುಚ್ಚಿ, "ಹಿಂದಿನ ಚಕ್ರದಲ್ಲಿ ಎರಡು ಸ್ಪೋಕ್ ಲೂಸ್ ಉಂಟು" ಎನ್ನುತ್ತಿದ್ದ. ಹೋಗಿ ಮುಟ್ಟಿ ನೋಡಿದರೆ ಸರಿಯಾಗಿ ಎರಡೇ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಿಬ್ಬರೂ ಹತ್ತನೆಯ ತರಗತಿಯಲ್ಲಿದ್ದೆವು. ಲಿಯೋನ ಅಪ್ಪನಿಗೆ ನಮ್ಮ ಬೀದಿಯ ತಿರುವಿನಲ್ಲಿ ಸೈಕಲ್ ಶಾಪ್ ಇತ್ತು. ತುಳು ಮಾತಾಡುವ ನಾವೆಲ್ಲ ಕ್ರೈಸ್ತರಾದ ಅವರನ್ನು ಮರ್ಯಾದೆಯಿಂದ ಸಾಲು ಪೊರ್ಬು ಎಂದು ಕರೆಯುತ್ತಿದ್ದೆವು. ರಬ್ಬರ್ ಸೊಲ್ಯೂಷನ್, ತೆಂಗಿನೆಣ್ಣೆ ಮತ್ತು ಅವರ ಬೀಡಿಯ ವಾಸನೆ ಸೇರಿ ಆ ಶಾಪಿಗೆ ಅದರದ್ದೇ ಒಂದು ಪರಿಮಳ. ಅಪ್ಪನಿಗಿಂತ ಮಗನ ಕೈ ಮೇಲು ಎಂದು ಗಿರಾಕಿಗಳು ಹೇಳುತ್ತಿದ್ದರು. ಲಿಯೋ ಇಗರ್ಜಿಯ, ಎಂದರೆ ಚರ್ಚಿನ, ಗಾಯನ ತಂಡದಲ್ಲಿ ಪಿಟೀಲು ನುಡಿಸುತ್ತಿದ್ದ. ಅದೇ ಕಿವಿ ಚಕ್ರಕ್ಕೂ. ಹೊಸ ಚಕ್ರ ಕಟ್ಟಿದ ಮೇಲೆ ಒಂದೊಂದೇ ಸ್ಪೋಕನ್ನು ಉಗುರಿನಿಂದ ಮೀಟಿ, ಮೂವತ್ತೆರಡೂ ಒಂದೇ ಸ್ವರ ಹೇಳುವ ತನಕ ಸ್ಪೋಕ್ ಬಿಗಿಸುವ ಕೀಲಿಯಿಂದ ತಿರುವುತ್ತಿದ್ದ. ಕೊನೆಗೆ ಚಕ್ರವನ್ನು ತಿರುಗಿಸಿ, ರಿಮ್ಮಿನ ಪಕ್ಕ ಕೂದಲೆಳೆಯಷ್ಟು ಜಾಗ ಬಿಟ್ಟು ಚಾಕ್ ತುಂಡು ಹಿಡಿಯುತ್ತಿದ್ದ. ಬೆಂಡ್ ಇದ್ದಲ್ಲಿ ಚಾಕ್ ತಾಗಿ ಬಿಳಿ ಗೆರೆ ಬೀಳುತ್ತದೆ. ಅವನ ಚಕ್ರದಲ್ಲಿ ಗೆರೆ ಬಿದ್ದದ್ದನ್ನು ನಾನು ನೋಡಿಲ್ಲ.

ಆ ವರ್ಷ ಕ್ರಿಸ್ಮಸ್ ರಜೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವುದೆಂದು ನಾವು ನಿರ್ಧರಿಸಿದೆವು. ಒಂದು ತಿಂಗಳು ಮೊದಲೇ ಲಿಯೋ ಹಳೆಯ ಕಾಪಿ ಪುಸ್ತಕದಲ್ಲಿ ನಿಯಮ ಬರೆಯತೊಡಗಿದ. ಬಾಯಾರುವ ಮೊದಲೇ ನೀರು ಕುಡಿಯಬೇಕು. ಏರಿನಲ್ಲಿ ಮಾತಾಡಬಾರದು. ಮಧ್ಯಾಹ್ನದ ಬಿಸಿಲಿಗೆ ಟಯರಿನ ಗಾಳಿ ಸ್ವಲ್ಪ ಕಮ್ಮಿ ಮಾಡಬೇಕು. ಇಳಿಜಾರಿನಲ್ಲಿ ಮೊದಲು ಹಿಂದಿನ ಬ್ರೇಕು, ಮತ್ತೆ ಮುಂದಿನದ್ದು. ಜೇಬಿನಲ್ಲಿ ಬೆಲ್ಲ ಮತ್ತು ಶುಂಠಿ.

ದೊಡ್ಡ ಚರ್ಚೆಯಾದದ್ದು ಚಕ್ರದ ಬಗ್ಗೆ. ನನಗೆ ಹಾಲಿನವರ ಸೈಕಲಿನ ದಪ್ಪ ರಿಮ್ಮು ಬೇಕಿತ್ತು.

"ಅದು ಭಾರ ಮಾರಾಯ. ಘಾಟಿಯಲ್ಲಿ ನೀನು ಸೈಕಲನ್ನು ಹೊತ್ತುಕೊಂಡು ಹೋಗ್ತೀಯಾ?" ಎಂದ ಲಿಯೋ.

"ತೆಳು ರಿಮ್ಮು ಮುರಿದರೆ?"

"ನಾನು ಕಟ್ಟಿದ್ದು ಮುರಿಯುವುದಿಲ್ಲ. ಒಂದೇ ಶರ್ತ, ಡಬಲ್ ರೈಡ್ ಇಲ್ಲ. ಹೊಂಡಕ್ಕೆ ಹಾಕಿದರೆ ನನಗೆ ಹೇಳ್ಬೇಕು. ನಾನು ಬಯ್ಯುವುದಿಲ್ಲ, ಬಿಚ್ಚಿ ಪುನಃ ಕಟ್ತೇನೆ. ಆಯ್ತಾ?"

"ಆಯ್ತು ಗುರುಗಳೇ."

ಒಂದೇ ಬಗೆಯ ಎರಡು ತೆಳು ರಿಮ್ಮು, ಒಂದೇ ಬಗೆಯ ಎರಡು ಟಯರು ಹಾಕಿ ಅವನು ನಮ್ಮಿಬ್ಬರ ಮುಂದಿನ ಚಕ್ರಗಳನ್ನು ಒಂದೇ ವಾರದಲ್ಲಿ ಕಟ್ಟಿದ. ಗುರುತಿಗೆಂದು ಚಕ್ರದ ನಡುವಿನ ಹಬ್ಬಿಗೆ ಕುಚ್ಚಿನ ಪಟ್ಟಿ ಸುತ್ತಿದ. ಅವನದ್ದು ಕೆಂಪು, ನನ್ನದು ಹಸಿರು.

ಹೊರಡುವುದಕ್ಕೆ ಎರಡು ದಿನ ಮೊದಲು ನಾನು ಸಹಪಾಠಿಯೊಬ್ಬನನ್ನು ಬಾರಿನ ಮೇಲೆ ಕೂರಿಸಿಕೊಂಡು ಕದ್ರಿ ಗುಡ್ಡದ ಇಳಿಜಾರಿನಲ್ಲಿ ಬಂದೆ. ಹೊಸ ಚಕ್ರ ತೋರಿಸಿ ಮೆರೆಯುವ ಹುಚ್ಚು. ಕೆಳಗೆ ಮೋರಿಯ ಅಂಚಿಗೆ ಮುಂದಿನ ಚಕ್ರ ಹೊಡೆಯಿತು. ಮನೆಗೆ ಬಂದು ನೋಡಿದರೆ ರಿಮ್ಮಿನ ಬೆಸುಗೆಯ ಜಾಗದಲ್ಲಿ ಕೂದಲಿನಂಥ ಒಂದು ಬಿರುಕು.

ಹೇಳಿದ್ದರೆ ಲಿಯೋ ಬೇರೆ ರಿಮ್ಮಿಗೆ ಕಟ್ಟಿಕೊಡುತ್ತಿದ್ದ. ಆದರೆ ಶರ್ತ ಮುರಿದೆನೆಂದು ಒಪ್ಪಬೇಕಿತ್ತು. ಹೊರಡುವುದೂ ಒಂದು ವಾರ ಮುಂದೆ ಹೋಗುತ್ತಿತ್ತು. ನಾನು ಚೈನಿನ ಕಪ್ಪು ಗ್ರೀಸನ್ನು ಬೆರಳಲ್ಲಿ ತೆಗೆದು ಬಿರುಕಿನ ಮೇಲೆ ಬಳಿದೆ.

ಭಾನುವಾರ ಬೆಳಗ್ಗಿನ ಮೊದಲ ಪೂಜೆ ಮುಗಿದ ಕೂಡಲೇ ಹೊರಡುವುದೆಂದಿತ್ತು. ಇಗರ್ಜಿಯ ಅಂಗಳದಲ್ಲಿ ಲಿಯೋ ತನ್ನ ಸೈಕಲನ್ನು ನನ್ನ ಕೈಗೆ ಕೊಟ್ಟ.

"ನೋಡ್ಕೋ. ನಾನು ಮೊದಲು ಕುಮ್ಸಾರ್ ಮಾಡ್ಬೇಕು, ಮತ್ತೆ ಪೂಜೆಗೆ ಪಿಟೀಲು." ಕುಮ್ಸಾರ್ ಎಂದರೆ ಅವರು ಮಾಡಿದ ಪಾಪವನ್ನು ಪಾದ್ರಿಗಳ ಮುಂದೆ ಹೇಳಿಕೊಳ್ಳುವುದು.

"ನಿನ್ನದೆಂತ ಪಾಪ ಮಾರಾಯ?"

"ಅಮ್ಮನ ಕಿಡಿಯೊ ಡಬ್ಬಿ ಅರ್ಧ ಖಾಲಿ ಮಾಡಿದ್ದೇನೆ." ಕ್ರಿಸ್ಮಸ್‌ಗೆ ಕರಿದ ಆ ಸಿಹಿತಿಂಡಿ ಅವನ ಜೇಬಿನಲ್ಲೂ ತುಂಬಿತ್ತು. ನನಗೂ ಒಂದು ಹಿಡಿ ಕೊಟ್ಟ. "ನಿಮ್ಮಲ್ಲಿ ಎಂತ ಮಾಡ್ತಾರೆ, ತಪ್ಪು ಮಾಡಿದರೆ?"

"ದೈವಕ್ಕೆ ತಪ್ಪುಕಾಣಿಕೆ ಹಾಕ್ತೇವೆ."

"ಬಾಯಿಬಿಟ್ಟು ಹೇಳ್ಲಿಕ್ಕಿಲ್ವಾ?"

"ದೈವಕ್ಕೆ ಗೊತ್ತಿರ್ತದಲ್ಲ."

"ಹಾಗಾದ್ರೆ ನಿಮ್ಮದು ಸುಲಭ" ಎಂದು ನಗುತ್ತಾ ಒಳಗೆ ಹೋದ.

ನಾನು ಅಲ್ಲಿ ಎರಡು ಸೈಕಲುಗಳ ನಡುವೆ ನಿಂತಿದ್ದೆ. ನಾನು ದಪ್ಪ, ಅವನು ಸಪೂರ. ಅವನ ಭಾರಕ್ಕೆ ನನ್ನ ಈ ಚಕ್ರ ತಡೆಯುತ್ತದೆ. ಅವನು ನಿಧಾನಕ್ಕೆ ಓಡಿಸುವವನು. ಬಿರುಕು ಸಣ್ಣದು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಒಳಗೆ ಪಿಟೀಲು ಶುರುವಾದಾಗ ಚೀಲದಿಂದ ಸ್ಪ್ಯಾನರ್ ತೆಗೆದೆ. ಅದು ಅವನದೇ ಸ್ಪ್ಯಾನರ್. ಮುಂದಿನ ಎರಡು ಚಕ್ರಗಳನ್ನು ಅದಲುಬದಲು ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಮೇಲೆ ಕೆಂಪು ಪಟ್ಟಿಯನ್ನು ಬಿಚ್ಚಿ ಬಿರುಕಿನ ಚಕ್ರಕ್ಕೆ ಸುತ್ತಿದೆ, ಹಸಿರನ್ನು ಒಳ್ಳೆಯದಕ್ಕೆ. ಇಂದು ನೆನೆದರೆ ಚಕ್ರ ಬದಲಿಸಿದ್ದಕ್ಕಿಂತ ಆ ಪಟ್ಟಿ ಬದಲಿಸಿದ್ದೇ ನನ್ನನ್ನು ಹೆಚ್ಚು ಕೊರೆಯುತ್ತದೆ. ಚಕ್ರವನ್ನು ಹೆದರಿ ಬದಲಿಸಿದೆ ಎನ್ನಬಹುದು. ಪಟ್ಟಿಯನ್ನು ಯೋಚಿಸಿ ಬದಲಿಸಿದ್ದೆ.

ಹೊರಗೆ ಬಂದ ಲಿಯೋನ ಮುಖ ತೊಳೆದಂತಿತ್ತು. "ಕ್ಲೀನ್! ಹೋಗುವ" ಎಂದ.

ಪಡೀಲು ದಾಟಿ ಫರಂಗಿಪೇಟೆಯ ಹತ್ತಿರ, ಬಲಗಡೆ ನೇತ್ರಾವತಿ ಹೊಳೆಯುತ್ತಿದ್ದಾಗ, ಅವನು ತಲೆ ಓರೆ ಮಾಡಿದ.

"ಏ ಸದಾನಂದ, ನನ್ನ ಚಕ್ರ ಬೇರೆ ಸ್ವರದಲ್ಲಿ ಹಾಡ್ತಾ ಉಂಟು."

"ಗಾಳಿಯ ಸದ್ದು, ಬಾ ಮಾರಾಯ."

"ನಿನ್ನೆ ಸರಿ ಇತ್ತಲ್ಲ" ಎಂದು ತನಗೇ ಹೇಳಿಕೊಂಡು ಮುಂದೆ ಹೋದ.

ಆ ರಾತ್ರಿಗೆ ಉಜಿರೆಯಲ್ಲಿ ಅವನ ತಾಯಿಯ ತಂಗಿಯ ಮನೆ. ಆ ಮಾವ್ಶಿ ನಮಗೆ ಇಡ್ಲಿಯಂಥ ಬಿಸಿ ಸಾನ್ನ ಮತ್ತು ಕೋಳಿಸಾರು ಬಡಿಸಿದರು. ನನ್ನ ತಲೆ ಸವರಿ, "ಖಾ ಪುತಾ, ನಾಚಿಕೆ ಬೇಡ. ಇವನನ್ನು ಜೋಪಾನ ಮಾಡು, ಇವನಿಗೆ ಚಕ್ರ ಬಿಟ್ಟರೆ ಬೇರೆ ಎಂತದೂ ಕಾಣುವುದಿಲ್ಲ" ಎಂದರು. ನನ್ನ ಅಮ್ಮ ಬಾಳೆಎಲೆಯಲ್ಲಿ ಕಟ್ಟಿಕೊಟ್ಟಿದ್ದ ಪುಂಡಿ ಎಂಬ ಅಕ್ಕಿಯ ಉಂಡೆಗಳನ್ನು ಲಿಯೋ ಒಬ್ಬನೇ ಮುಗಿಸಿದ.

ಬೆಳಗ್ಗೆ ಹೊರಡುವ ಮೊದಲು ಅವನು ಸೈಕಲನ್ನು ತಲೆಕೆಳಗೆ ನಿಲ್ಲಿಸಿ ಸ್ಪೋಕುಗಳನ್ನು ಮೀಟಿದ. ನಾನು ನನ್ನ ಚೀಲವನ್ನು ಕ್ಯಾರಿಯರಿಗೆ ಬಿಗಿಯುತ್ತಾ ಅತ್ತಲೇ ನೋಡುತ್ತಿದ್ದೆ. ಒಂದು ಸ್ಪೋಕಿನ ಹತ್ತಿರ ನಿಂತ. "ಸಿಕ್ಕಿದ ಕಳ್ಳ. ಇವನೇ ಅಪಸ್ವರ." ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿದ. ಬಿರುಕು ಅವನ ಬೆರಳಿನಿಂದ ಒಂದು ಗೇಣು ದೂರದಲ್ಲಿ, ಗ್ರೀಸಿನ ಕೆಳಗಿತ್ತು. ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು.

ಘಾಟಿ ಹತ್ತಿದೆವು. ಅರ್ಧ ತುಳಿದೆವು, ಅರ್ಧ ತಳ್ಳಿದೆವು. ಮುಳ್ಳಿನ ಪೊದೆಗಳ ಹಸಿವಾಸನೆ, ಲಾರಿಗಳ ಬ್ರೇಕು ಸುಟ್ಟ ವಾಸನೆ. ಬಂಡೆಯಿಂದ ಇಳಿಯುವ ನೀರಿಗೆ ತಲೆ ಕೊಟ್ಟು ಲಿಯೋ ಕೂಗಿದ್ದು ಕೆಳಗಿನ ಕಣಿವೆಯಿಂದ ತಿರುಗಿ ಬಂತು. ಕೊಟ್ಟಿಗೆಹಾರದಲ್ಲಿ ಚಳಿಗೆ ನಡುಗುತ್ತಾ ಚಾ ಕುಡಿದೆವು.

"ಇನ್ನು ಶಿರಾಡಿ, ಮತ್ತೆ ಆಗುಂಬೆ. ನಾನು ಕಟ್ಟಿದ ಚಕ್ರ ಎಲ್ಲಾ ಘಾಟಿ ಹತ್ತಬೇಕು ಸದಾ. ಶಾಪಿನ ಬೋರ್ಡಿನಲ್ಲಿ ಬರೆಸ್ತೇನೆ" ಎಂದ ಅವನು.

ಇಳಿಯುವಾಗ ಹಗುರದವನು ಮುಂದೆ, ಭಾರದವನು ಹಿಂದೆ ಎಂಬುದೂ ಅವನ ಪುಸ್ತಕದ ನಿಯಮ. ಹಾಗಾಗಿ ನಾನು ಎಲ್ಲವನ್ನೂ ಕಣ್ಣಾರೆ ಕಂಡೆ. ಮೂರನೆಯ ತಿರುವಿನಲ್ಲಿ ಒಣ ಬಿದಿರು ಸೀಳಿದಂಥ ಸದ್ದಾಯಿತು. ಮುಂದಿನ ಚಕ್ರ ಹಪ್ಪಳದ ಹಾಗೆ ಮಡಚಿತು. ಲಿಯೋ ತಡೆಗೋಡೆಯ ಕಲ್ಲಿಗೆ ಎಡಗೈ ಕೊಟ್ಟು ಬಿದ್ದ.

ಮೇಲಿನಿಂದ ಬಂದ ಲಾರಿಯೊಂದು ನಮ್ಮನ್ನು ಹತ್ತಿಸಿಕೊಂಡಿತು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿತ್ತು. ಅವನ ಜೇಬಿನಿಂದ ಕಿಡಿಯೊ ಉದುರಿ ಲಾರಿಯ ಹಲಗೆಯ ಮೇಲೆ ಉರುಳಾಡುತ್ತಿದ್ದವು.

ಎಡಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಪಿಟೀಲಿನ ತಂತಿ ಒತ್ತುವ ಬೆರಳುಗಳು ಅವೇ.

ಆಸ್ಪತ್ರೆಯಲ್ಲಿ ಸಾಲು ಪೊರ್ಬು ಮಗನ ಮಂಚದ ಹತ್ತಿರ ನಿಂತು ಕೇಳಿದರು, "ಸ್ಪೋಕ್ ಎಳೆಯುವಾಗ ನಿನ್ನ ತಲೆ ಎಲ್ಲಿತ್ತು? ಸದಾನಂದನ ಚಕ್ರ ನೋಡು. ಅದನ್ನೂ ನೀನೇ ಕಟ್ಟಿದ್ದು. ಅದಕ್ಕೆ ಎಂತ ಆಗಿದೆ? ಎಂತದೂ ಆಗ್ಲಿಲ್ಲ!"

"ನನ್ನದೇ ತಪ್ಪು ಪಪ್ಪಾ" ಎಂದ ಲಿಯೋ. "ಉಜಿರೆಯಲ್ಲಿ ಅರ್ಧ ಸುತ್ತು ಹೆಚ್ಚು ಎಳೆದೆ. ಅದಕ್ಕೇ ಒಡೆಯಿತು."

ನಾನು ಕಿತ್ತಳೆಯ ಪೊಟ್ಟಣ ಹಿಡಿದು ಅಲ್ಲೇ ಇದ್ದೆ. ಲಿಯೋ ನನ್ನತ್ತ ತಿರುಗಿ, "ಪುಣ್ಯಕ್ಕೆ ನಿನಗೆ ಎಂತದೂ ಆಗ್ಲಿಲ್ಲ ಮಾರಾಯ" ಎಂದ.

ಮರುದಿನ ನಾನು ನಮ್ಮ ದೈವದ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿದೆ. ಬಾಯಿಬಿಟ್ಟು ಏನೂ ಹೇಳಲಿಲ್ಲ.

ಲಿಯೋ ಆಮೇಲೆ ಸ್ಪೋಕಿನ ಕೀಲಿ ಮುಟ್ಟಲಿಲ್ಲ. ಬಲಗೈ ಸರಿಯಿತ್ತು, ಕಿವಿ ಸರಿಯಿತ್ತು, ಆದರೂ ಮುಟ್ಟಲಿಲ್ಲ. ಸಾಲು ಪೊರ್ಬುಗಳ ಕಣ್ಣು ಮಂಜಾದ ಮೇಲೆ ಶಾಪ್ ಮುಚ್ಚಿತು. ಲಿಯೋಗೆ ಪಣಂಬೂರಿನ ಬಂದರಿನಲ್ಲಿ ಲಾರಿ ತೂಗುವ ಕಡೆ ಚೀಟಿ ಬರೆಯುವ ಕೆಲಸ ಸಿಕ್ಕಿತು, ಕಾಟಿಪಳ್ಳದಲ್ಲಿ ಮನೆ ಮಾಡಿದ. ಎಂಬತ್ತರ ದಶಕದ ಕೊನೆಯಲ್ಲಿ ಒಮ್ಮೆ ನಾನು ಅಲ್ಲಿಗೆ ಹೋದಾಗ ಅವನ ಮಗಳು ಪುಟ್ಟ ಸೈಕಲ್ ತಳ್ಳಿಕೊಂಡು ಬಂದು, "ಪಪ್ಪಾ, ಚಕ್ರ ಬೆಂಡ್ ಆಗಿದೆ, ಸರಿ ಮಾಡು" ಎಂದಳು.

"ನಾಳೆ ಅಂಗಡಿಗೆ ಕೊಡುವ, ಮಗಳೇ" ಎಂದ ಲಿಯೋ.

"ನೀನೇ ಮಾಡು ಲಿಯೋ, ಐದು ನಿಮಿಷದ ಕೆಲಸ" ಎಂದೆ ನಾನು. ಯಾಕೆ ಅಂದೆನೋ.

ಅವನು ನಗಲಿಲ್ಲ. "ನನ್ನ ಕೈಯ ಚಕ್ರದ ಮೇಲೆ ಮಗುವನ್ನು ಕೂರಿಸುವುದಾ? ಬೇಡಪ್ಪ. ನೀನು ನೋಡಿದ್ದೀಯಲ್ಲ."

ನಾನು ನೋಡಿದ್ದೆ. ನಾನೊಬ್ಬನೇ ನೋಡಿದ್ದೆ. ಆ ದಿನ ಹೇಳಬೇಕೆಂದು ಬಾಯಿಯ ತನಕ ಬಂತು. ಅವನ ಹೆಂಡತಿ ಚಾ ತಂದಳು, ನಾನು ಚಾ ಕುಡಿದೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಈ ಮಳೆಗಾಲದ ಮೊದಲು ಲಿಯೋ ತೀರಿಕೊಂಡ. ಮಣ್ಣಿಗೆ ಅವನನ್ನು ನಮ್ಮ ಊರಿನ ಹಳೆಯ ಇಗರ್ಜಿಗೇ ತಂದರು. ಇಗರ್ಜಿಯ ಅಂಗಳದಲ್ಲಿ, ಅಂದು ನಾನು ಸೈಕಲುಗಳ ನಡುವೆ ನಿಂತಿದ್ದ ಹತ್ತಿರದಲ್ಲೇ, ಈಗ ಕಾರುಗಳು ನಿಂತಿದ್ದವು. ಒಳಗೆ ಪಿಟೀಲು ಇರಲಿಲ್ಲ, ಯಾವುದೋ ಕೀಬೋರ್ಡ್ ಇತ್ತು. ಬೀದಿಯ ತಿರುವಿನಲ್ಲಿ ಶಾಪ್ ಇದ್ದ ಜಾಗಕ್ಕೆ ಲ್ಯಾಬೊರೇಟರಿ ಬಂದು ಎಷ್ಟೋ ಕಾಲವಾಯಿತು. ಸದ್ದಿನಿಂದ ಸೈಕಲ್ ಗುರುತಿಸುವವರು ಯಾರೂ ಇಲ್ಲ. ಲಿಯೋನ ಮಗಳು ನನ್ನ ಕೈ ಹಿಡಿದು, "ಅಂಕಲ್, ಪಪ್ಪಾ ಯಾವಾಗ್ಲೂ ನಿಮ್ಮ ಘಾಟಿಯ ಕತೆ ಹೇಳ್ತಿದ್ರು. ತನ್ನ ತಪ್ಪಿನಿಂದ ನಿಮಗೂ ಅಪಾಯ ಆಗ್ತಿತ್ತು ಅಂತ" ಎಂದಳು.

ಮನೆಗೆ ಬಂದು ಅಟ್ಟದಿಂದ ಆ ಚಕ್ರ, ಅಂದು ನಾನು ಬದಲಿಸಿಕೊಂಡ ಅವನ ಚಕ್ರ, ಇಳಿಸಿದೆ. ಸೈಕಲ್ ಗುಜರಿಗೆ ಹೋಗಿ ಎಷ್ಟೋ ವರ್ಷವಾದರೂ ಅದನ್ನು ಮಾತ್ರ ಕೊಡಲು ನನಗೆ ಕೈ ಬಂದಿರಲಿಲ್ಲ. ಹಸಿರು ಪಟ್ಟಿ ಬಣ್ಣ ಕಳೆದುಕೊಂಡಿತ್ತು, ರಿಮ್ಮಿಗೆ ತುಕ್ಕು ಹಿಡಿದಿತ್ತು. ಪಟ್ಟಿಯನ್ನು ಬಿಚ್ಚಿ ತೆಗೆದೆ. ಆಕ್ಸಲಿನ ಎರಡು ತುದಿಯನ್ನು ಎರಡು ಸ್ಟೂಲಿನ ಮೇಲೆ ಇಟ್ಟು, ಹಬ್ಬಿಗೆ ಎಣ್ಣೆ ಬಿಟ್ಟು, ಮೊಮ್ಮಗಳ ಪೆಟ್ಟಿಗೆಯಿಂದ ಒಂದು ಚಾಕ್ ತಂದೆ. ನಾಳೆ ಚಕ್ರವನ್ನು ಕಾಟಿಪಳ್ಳಕ್ಕೆ ಕೊಂಡುಹೋಗಿ ಅವನ ಮಗಳ ಮುಂದಿಟ್ಟು ಹೇಳಬೇಕು. ಕೇಳಬೇಕಾದವನು ಇಲ್ಲ, ಆದರೂ ಬಾಯಿಬಿಟ್ಟು ಹೇಳಬೇಕು.

ಚಕ್ರವನ್ನು ತಿರುಗಿಸಿ, ರಿಮ್ಮಿನ ಪಕ್ಕ ಕೂದಲೆಳೆಯಷ್ಟು ಜಾಗ ಬಿಟ್ಟು ಚಾಕ್ ಹಿಡಿದೆ. ಆ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದೆ. ಚಕ್ರ ತಿರುಗಿತು, ತಿರುಗಿತು, ತಾನಾಗಿಯೇ ನಿಂತಿತು. ಕನ್ನಡಕ ಹಾಕಿ ಸುತ್ತಲೂ ನೋಡಿದೆ. ಒಂದು ಗೆರೆಯೂ ಬಿದ್ದಿರಲಿಲ್ಲ.