ಚೂರು ತೆಗೆದ ಸೋರೆಕಾಯಿ

ಕೃಷ್ಣವೇಣಮ್ಮ ಕೊಡುವ ಸೋರೆಕಾಯಿಯಲ್ಲಿ ತೊಟ್ಟಿನ ಕಡೆ ಒಂದು ಚೂರು ಇರುತ್ತಿರಲಿಲ್ಲ. ಬೀದಿಗೆ ಹೊಸದಾಗಿ ಬಂದವರು ಇಲಿ ಕಚ್ಚಿರಬೇಕು ಎಂದುಕೊಳ್ಳುತ್ತಿದ್ದರು. ಹಳಬರು ಏನೂ ಕೇಳದೆ ಒಯ್ಯುತ್ತಿದ್ದರು.

ಆಗಿನ್ನೂ ಆರ್.ಟಿ. ನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಗಂಡ ಸೇತುರಾಮ ಕಟ್ಟಿಸಿದ ಪುಟ್ಟ ಮನೆಯ ಹಿತ್ತಲಲ್ಲಿ ಆಕೆ ಬದನೆ, ಹೀರೆ, ಕನಕಾಂಬರ, ಕಾಕಡ ಬೆಳೆಸಿದ್ದರು. ಬಚ್ಚಲ ನೀರು ಬಾಳೆಗೆ, ಅಕ್ಕಿ ತೊಳೆದ ನೀರು ಮಲ್ಲಿಗೆಗೆ, ಒಲೆಯ ಬೂದಿ ಬದನೆಯ ಎಲೆಗೆ. ಮಾರ್ಕೆಟ್ಟಿನ ತರಕಾರಿಯನ್ನು ನಂಬದ ಆಕೆ ಹಿತ್ತಲನ್ನು ಕಣ್ಣುಮುಚ್ಚಿ ನಂಬಿದ್ದರು.

ಸೋರೆಯೊಂದನ್ನು ಬಿಟ್ಟು. ಆಕೆ ಚಿಕ್ಕವರಿದ್ದಾಗ ಸೋದರತ್ತೆಯೊಬ್ಬರು ಚೆಲ್ಲಲು ಮನಸ್ಸು ಬಾರದೆ ಕಹಿ ಸೋರೆಯ ಹುಳಿಯನ್ನು ಉಂಡು, ರಕ್ತ ಕಾರಿ ತೀರಿಕೊಂಡಿದ್ದರು. ಅಂದಿನಿಂದ ತವರಿನ ಹೆಂಗಸರೆಲ್ಲ ಸೋರೆ ಹೆಚ್ಚುವ ಮೊದಲು ಒಂದು ಚೂರನ್ನು ನಾಲಿಗೆಗಿಟ್ಟು ನೋಡಿ ಉಗಿಯುತ್ತಿದ್ದರು. ಕೃಷ್ಣವೇಣಮ್ಮನೂ ಅದನ್ನು ತಪ್ಪಿಸಿದವರಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ವರಮಹಾಲಕ್ಷ್ಮಿ ಹಬ್ಬ ರಂಜಾನ್ ತಿಂಗಳಲ್ಲಿ ಬಂತು. ಬೆಳಿಗ್ಗೆ ಆಕೆ ಚಪ್ಪರದಿಂದ ಸೋರೆಕಾಯಿ ಕೊಯ್ಯುತ್ತಿದ್ದಾಗ ಪಕ್ಕದ ಮನೆಯ ಮಲ್ಕಾ ಕಾಂಪೌಂಡಿನ ಆಚೆಯಿಂದ ಇಣುಕಿದಳು.

"ಅಕ್ಕಾ, ನಂಗೂ ಒಂದು ತುಂಡು ಕೊಡಿ. ಇವ್ರಿಗೆ ಖೀರ್ ಮಾಡ್ತೀನಿ. ಕಾಮಾಲೆ ಆದಾಗಿಂದ ಬಾಯಿಗೆ ಏನಿಟ್ರೂ ಕಹಿ ಅಂತಾರೆ. ನಿನ್ನೆ ಸಕ್ರೆ ಕೊಟ್ರೂ ಕಹಿ ಅಂದ್ರು!"

"ಗಂಡಸರಿಗೆ ನೆಗಡಿ ಬಂದ್ರೂ ಲೋಕವೇ ಕಹಿ ಕಣೆ" ಎಂದು ನಗುತ್ತ ಆಕೆ ಕಾಯಿಯನ್ನು ಎರಡು ಮಾಡಿ, ತುದಿಯ ಅರ್ಧವನ್ನು ಗೋಡೆಯ ಮೇಲಿಟ್ಟರು. ರೂಢಿಯಂತೆ ಕೈ ತೊಟ್ಟಿನ ಚೂರಿನತ್ತ ಹೋಯಿತು. ತಡೆದರು. ದೇವಿಯ ನೈವೇದ್ಯಕ್ಕೆ ಹೋಗುವುದನ್ನು ಮೊದಲು ತಾನು ಬಾಯಿಗಿಡುವುದುಂಟೆ?

ಪೂಜೆ ಮುಗಿಯಿತು. ನೈವೇದ್ಯವೂ ಆಯಿತು. ಎಲೆಯ ಮುಂದೆ ಕುಳಿತ ಸೇತುರಾಮ ಮಜ್ಜಿಗೆ ಹುಳಿಯ ಮೊದಲ ತುತ್ತನ್ನೇ ಉಗಿದರು.

"ಥೂ! ಏನೇ ಇದು, ಬೇವಿನ ಕಷಾಯಾನಾ?"

ಆಕೆ ಒಂದು ಹೋಳನ್ನು ನಾಲಿಗೆಗಿಟ್ಟರು. ಹಬ್ಬದ ದಿನ ದೇವಿಗೆ ವಿಷ ಬಡಿಸಿದೆನಲ್ಲ ಎಂಬ ಭಯ ಮೊದಲು ಬಂತು. ಅದರ ಬೆನ್ನಿಗೇ ಗೋಡೆಯಾಚೆ ಹೋದ ಅರ್ಧ ಕಾಯಿ ನೆನಪಾಯಿತು. ಮಲ್ಕಾ ರೋಜಾ ಉಪವಾಸ ಹಿಡಿದಿದ್ದಾಳೆ, ಖೀರಿನ ಹನಿಯನ್ನೂ ನಾಲಿಗೆಗೆ ತಾಗಿಸುವವಳಲ್ಲ. ಕುಡಿಯುವವನು ಕಹಿ ಎಂದರೆ ಯಾರು ನಂಬುತ್ತಾರೆ? ಅವನೇ ತನ್ನ ನಾಲಿಗೆಯನ್ನು ನಂಬುವುದಿಲ್ಲ.

ಉಟ್ಟ ರೇಷ್ಮೆ ಸೀರೆಯಲ್ಲೇ ಗೇಟು ದಾಟಿ ಓಡಿದರು. ಮುಡಿದ ಕನಕಾಂಬರ ದಾರಿಯಲ್ಲೇ ಬಿತ್ತು. ಮಲ್ಕಾ ನಲ್ಲಿಯ ಕೆಳಗೆ ಬಟ್ಟಲು ತೊಳೆಯುತ್ತಿದ್ದಳು.

"ಖೀರು ಎಲ್ಲೇ?"

"ಕುಡಿದ್ರು ಅಕ್ಕಾ. ಕಹಿ, ಕಹಿ ಅಂತ ಒಂದೇ ಹಟ. ಮಗು ಥರ ಆಡ್ಬೇಡಿ ಅಂತ ಗದರಿಸಿ ಪೂರ್ತಿ ಕುಡಿಸ್ದೆ."

ಒಳಗಿನಿಂದ ಅವಳ ಗಂಡ ದಸ್ತಗೀರ್ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿತು.

ಸೇತುರಾಮ ಆಟೋ ತಂದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ವಾಂತಿಯಲ್ಲಿ ರಕ್ತವಿತ್ತು. "ಈಗ್ಲೇ ಏನೂ ಹೇಳೋಕಾಗಲ್ಲ" ಎಂದು ಡಾಕ್ಟರು ಒಳಗೆ ಹೋದರು. ಹೊರಗಿನ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕುಳಿತರು. ಕೃಷ್ಣವೇಣಮ್ಮ ಎಲ್ಲವನ್ನೂ ಹೇಳಿದರು. ಮಲ್ಕಾ ತುಸು ದೂರ ಸರಿದು ಕುಳಿತಳು, ಅಷ್ಟೆ. ಬೈದಿದ್ದರೆ ಆಕೆಗೆ ಉಸಿರಾಡಲಾದರೂ ಆಗುತ್ತಿತ್ತು.

ಸಂಜೆ ದೂರದ ಮಸೀದಿಯಿಂದ ಆಜಾನ್ ಕೇಳಿತು. ರೋಜಾ ಬಿಡಲು ಮಲ್ಕಾಳ ಕೈಯಲ್ಲಿ ಒಂದು ಖರ್ಜೂರವೂ ಇರಲಿಲ್ಲ. ಕೃಷ್ಣವೇಣಮ್ಮ ನೀರು ತಂದು ಚಾಚಿದರು. ಮಲ್ಕಾ ಲೋಟವನ್ನೇ ನೋಡಿದಳು. ಕೈ ಎತ್ತಲಿಲ್ಲ.

ಜೀವಮಾನವಿಡೀ ಲೋಟ ಎತ್ತಿ ಕುಡಿದವರು ಕೃಷ್ಣವೇಣಮ್ಮ. ಎಂಜಲೆಂದರೆ ಹೇಸುವವರು. ಅಂದು ಅಂಚಿಗೆ ತುಟಿಯಿಟ್ಟು ಒಂದು ಗುಟುಕು ಕುಡಿದರು. ನುಂಗಿ ಮತ್ತೆ ಚಾಚಿದರು. ಮಲ್ಕಾ ತೆಗೆದುಕೊಂಡು ಕುಡಿದಳು. ಕುಡಿಯುತ್ತಲೇ ಅತ್ತಳು.

ದಸ್ತಗೀರ್ ಉಳಿದ. ಹಾಸಿಗೆ ಬಿಟ್ಟೇಳಲು ಚಳಿಗಾಲ ಬರಬೇಕಾಯಿತು. ಅಷ್ಟರಲ್ಲಿ ಕೃಷ್ಣವೇಣಮ್ಮ ಸೋರೆಯ ಚಪ್ಪರ ಕಿತ್ತು ಹಾಕಿದ್ದರು. ಅದೇ ಬಳ್ಳಿ ಅದಕ್ಕೂ ಮೊದಲು ಸಿಹಿ ಕಾಯಿಗಳನ್ನೇ ಕೊಟ್ಟಿತ್ತು. ಒಂದು ಕಾಯಿಗೆ ಕಹಿ ಎಲ್ಲಿಂದ ಇಳಿಯಿತೋ ತಿಳಿಯಲಿಲ್ಲ. ತಾನೇ ನೀರೆರೆದ ಮಣ್ಣಿಗೆ ಕಾಲಿಡಲು ಹೆದರಿ, ಹೀರೆಯೂ ಬದನೆಯೂ ಒಣಗುವುದನ್ನು ಕಿಟಕಿಯಿಂದ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಗೋಡೆಯಾಚೆಯಿಂದ ದಸ್ತಗೀರನ ದನಿ ಬಂತು. "ಅಕ್ಕಾ, ಗಿಡಕ್ಕೆ ಯಾಕೆ ಸಿಟ್ಟು ತೋರಿಸ್ತೀರ? ಮಲ್ಕಾಗೆ ಸ್ವಲ್ಪ ಹೇಳಿ, ಅವತ್ತು ನನ್ನ ನಾಲಿಗೆ ಸರಿಯಾಗೇ ಇತ್ತು ಅಂತ!"

"ಸಾಕು ಸುಮ್ನಿರ್ರೀ" ಎಂದು ಮಲ್ಕಾ ಗದರಿದಳು. "ಅಕ್ಕಾ, ನೀರು ಹಾಕಿ. ನೋಡೋಕಾಗ್ತಿಲ್ಲ."

ಮುಂದಿನ ಶ್ರಾವಣಕ್ಕೆ ಹೊಸ ಬಳ್ಳಿ ಕಾಯಿ ಬಿಟ್ಟಿತು. ಹಬ್ಬದ ಬೆಳಿಗ್ಗೆ ಆಕೆ ತೊಟ್ಟಿನ ಚೂರು ಕೊಯ್ದು ಬಾಯಿಗೆ ತಂದಾಗ ಸೇತುರಾಮ ಗಾಬರಿಯಾದರು. "ದೇವರಿಗೆ ಎಂಜಲೇನೇ?"

"ದೇವಿ ಬೈದ್ರೆ ಬೈಸ್ಕೋತೀನಿ."

ಚೂರನ್ನು ನಾಲಿಗೆಗಿಟ್ಟು ಕಣ್ಣು ಮುಚ್ಚಿದರು. ಗೋಡೆಯಾಚೆ ಮಲ್ಕಾ ಕೈ ಚಾಚದೆ, ಆ ಮುಖವನ್ನೇ ನೋಡುತ್ತ ನಿಂತಿದ್ದಳು.