ಕೆಳಮನೆಯ ಅಜ್ಜಿಯ ಲಾಟ್ಕೆ

ಮೊನ್ನೆ ಭಾನುವಾರ ತುರಿದ ಆಲೂಗಡ್ಡೆಗೆ ಈರುಳ್ಳಿ ಬೆರೆಸಿ ಕಾದ ಎಣ್ಣೆಗೆ ಬಿಟ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲಿ ನಿಲ್ಲಲಾಗಲಿಲ್ಲ. ಒಲೆ ಆರಿಸಿ ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ... ಸ್ವೀಡನ್ನಿನ ಉಪ್ಸಾಲಾದ ಕೆಳಮನೆಯ ಅಜ್ಜಿ ನೆನಪಾಗಿದ್ದರು.

ಎರಡು ಸಾವಿರದ ಐದೋ ಆರೋ ಇರಬೇಕು. ನಾನು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಅವರು ನನ್ನ ಕೆಳಗಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಅಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರೆ; ನನಗೆ ನಾಲಗೆ ಏಳದೆ 'ಅಜ್ಜಿ' ಅನ್ನುತ್ತಿದ್ದೆ. ಅರ್ಥ ಹೇಳಿದ ಮೇಲೆ ಅವರಿಗೂ ಅದೇ ಹಿಡಿಸಿತು.

ಒಂದು ಡಿಸೆಂಬರ್ ಮಧ್ಯಾಹ್ನ ಬಂದು ಬಾಗಿಲು ತಟ್ಟಿದರು. "ಸ್ವಲ್ಪ ಆಲೂಗಡ್ಡೆ ತುರಿದು ಕೊಡ್ತೀಯಾ? ನನ್ನ ಕೈ ಮಾತು ಕೇಳ್ತಿಲ್ಲ." ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು.

ಅವರ ಅಡುಗೆಮನೆಯಲ್ಲಿ ಕೂತು ತುರಿದೆ. ತುರಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡು, ಇನ್ನೂ ಹಿಂಡು ಅನ್ನುತ್ತಿದ್ದರು. ನೀರು ಉಳಿದರೆ ಗರಿಗರಿಯಾಗುವುದಿಲ್ಲವಂತೆ. ಹಿಂಡಿದ ನೀರಿನ ತಳದಲ್ಲಿ ಕೂತ ಬಿಳಿ ಹಿಟ್ಟನ್ನು ಕೆರೆದು ಮತ್ತೆ ಸೇರಿಸಿದರು. ಮೊಟ್ಟೆ, ಉಪ್ಪು, ಒಂದು ಹಿಡಿ ಬ್ರೆಡ್ ಪುಡಿ. ಇಷ್ಟರ ನಡುವೆ ಒಂದು ಕಡೆ ಕೂರಲಿಲ್ಲ. ಕಿಟಕಿಗೆ ಹೋಗುವರು, ಮೆಟ್ಟಿಲ ಸದ್ದಿಗೆ ಕಿವಿಗೊಡುವರು, ಇಟ್ಟ ತಟ್ಟೆಯನ್ನೇ ತೆಗೆದು ಮತ್ತೆ ಇಡುವರು.

ಕೊನೆಗೆ ಹೇಳಿದರು. "ಇದು ಲಾಟ್ಕೆ. ನಮ್ಮ ಯಹೂದಿಗಳ ದೀಪದ ಹಬ್ಬಕ್ಕೆ ನನ್ನ ಅಮ್ಮ ಮಾಡ್ತಿದ್ಲು. ಯುದ್ಧ ಮುಗಿದ ಮೇಲೆ ಪೋಲೆಂಡಿನಿಂದ ನಾನೊಬ್ಬಳೇ ಇಲ್ಲಿಗೆ ಬಂದೆ. ನಾನು ಯಹೂದಿ ಅಂತ ನನ್ನ ಮಗನಿಗೇ ಗೊತ್ತಿಲ್ಲ. ಇವತ್ತು ಬರ್ತಾನೆ. ಹೇಳಿಬಿಡ್ತೀನಿ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಗೊತ್ತಾದ್ರೆ, ನಾಜಿಗಳು ನಮ್ಮವರನ್ನ ಕರ್ಕೊಂಡು ಹೋದ ಹಾಗೆ ಅವನನ್ನೂ ಯಾರಾದ್ರೂ ಕರ್ಕೊಂಡು ಹೋಗ್ತಾರೆ ಅನ್ನೋ ಭಯ."

ಮಗ ಶೋವ್ಡೆ ಊರಿನಿಂದ ಬಂದರು. ಐವತ್ತು ದಾಟಿದ, ಮೆಲುಮಾತಿನ ಮನುಷ್ಯ. ತಟ್ಟೆ ನೋಡಿ, "ರೋರಾಕುರ್ ಮಾಡಿದ್ದೀಯಾ ಅಮ್ಮ" ಅಂದರು. ಅದು ಸ್ವೀಡನ್ನಿನ ಮನೆಗಳಲ್ಲಿ ಮಾಡುವ ಆಲೂಗಡ್ಡೆ ದೋಸೆ, ನೋಡಲು ಹೆಚ್ಚುಕಡಿಮೆ ಹೀಗೆಯೇ. ಅಜ್ಜಿ ಒಮ್ಮೆ ನನ್ನ ಮುಖ ನೋಡಿದರು.

"ಹೂಂ, ಅದೇ" ಅಂದರು.

ಮರುವರ್ಷವೂ ಕರೆದರು, ನಾನೇ ತುರಿದೆ. ಆಗಲೂ ಮಗನಿಗೆ ಹೇಳಲು ಅವರಿಂದಾಗಲಿಲ್ಲ. ಮುಂದಿನ ಸಲ ಅಂದರು. ಏಪ್ರಿಲ್‌ನಲ್ಲಿ ಹೋಗಿಬಿಟ್ಟರು...

ಮನೆ ಖಾಲಿ ಮಾಡಲು ಬಂದ ಮಗ ಮೆಟ್ಟಿಲಲ್ಲಿ ಸಿಕ್ಕರು. ತುರಿಯುವ ಮಣೆಯನ್ನು ನನ್ನ ಕೈಗಿಟ್ಟು, "ನೀವೇ ಇಟ್ಕೊಳ್ಳಿ. ಅಮ್ಮನ ರೋರಾಕುರ್ ನಿಮಗೆ ಗೊತ್ತಲ್ಲ" ಅಂದರು. ಥ್ಯಾಂಕ್ಸ್ ಹೇಳಿ ಹೊರಟುಬಿಡಬಹುದಿತ್ತು. ನಾಲ್ಕು ಮೆಟ್ಟಿಲು ಹತ್ತಿಯೂ ಇದ್ದೆ. ಮನಸ್ಸು ಕೇಳಲಿಲ್ಲ, ತಿರುಗಿ ಇಳಿದೆ.

"ಅದು ರೋರಾಕುರ್ ಅಲ್ಲ, ಲಾಟ್ಕೆ" ಅಂದೆ. ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ.

ಅವರು ಮೆಟ್ಟಿಲ ಮೇಲೆ ಕೂತರು. ಕೇಳಿದ್ದು ಒಂದೇ.

"ಅಮ್ಮನ ಅಮ್ಮ... ಅವರ ಹೆಸರೇನು?"

ನನಗೆ ಗೊತ್ತಿರಲಿಲ್ಲ.

ನಾನೀಗ ಯೋನ್‌ಶೋಪಿಂಗ್ ಊರಿನಲ್ಲಿದ್ದೇನೆ. ಅಜ್ಜಿಯ ಮಗ ಪೋಲೆಂಡಿಗೆ ಹೋಗಿ ಹುಡುಕಿದರಂತೆ. ಊರು ಸಿಕ್ಕಿತು, ಹೆಸರು ಸಿಗಲಿಲ್ಲ ಎಂದು ಒಮ್ಮೆ ಬರೆದಿದ್ದರು. ಉತ್ತರ ಬರೆಯಲು ಎಷ್ಟು ಸಲ ಕೂತು ಎಷ್ಟು ಸಲ ಎದ್ದಿದ್ದೇನೋ. ಅಜ್ಜಿ ಮುಚ್ಚಿಟ್ಟದ್ದನ್ನು ಹೇಳಲು ನನಗೆ ಹಕ್ಕಿತ್ತೇ ಎಂಬುದು ಇವತ್ತಿಗೂ ತಿಳಿಯದು. ಅಜ್ಜಿ ಇದ್ದಾಗ ಆ ಹೆಸರನ್ನು ಕೇಳಬಹುದಾಗಿದ್ದವಳು ನಾನೊಬ್ಬಳೇ. ಕೇಳಲಿಲ್ಲ.