ಕುಂಕುಮ ಹತ್ತಿದ ಸ್ಲಾಟ್ ಮಿಷನ್

ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಇವತ್ತು, ಮಗಳಿಗೆ ತೋರಿಸಲೆಂದು, ಅಪ್ಪನ ಹಳೆಯ ಸ್ಲಾಟ್ ಮಿಷನ್ನಿನ ಹಿಂಬಾಗಿಲು ತೆಗೆದೆ. ಹೊಲಿಗೆ ಮಿಷನ್ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೆಳೆದ ಲಂಗಾಟಾದ ಮನೆಯ ಭಾನುವಾರಗಳು ಎದುರಿಗೆ ಬಂದು ನಿಂತವು.

ಮುಚ್ಚಿಹೋದ ಕ್ಲಬ್ಬೊಂದರಿಂದ ಅದನ್ನು ತಂದವರು ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪ. "ಚಕ್ರ ತಿರುಗ್ಸೋದು ಸ್ಪ್ರಿಂಗು, ಕಾಸು ಸುರಿಯೋದು ಮೋಟರು. ಇಂಥದ್ದು ಈಗೆಲ್ಲಿ ಸಿಗುತ್ತೆ?" ಎನ್ನುತ್ತ ಪ್ಲಗ್ ಕಿತ್ತು, ಚಕ್ರದ ಅಚ್ಚಿಗೆ ಒಂದೇ ತೊಟ್ಟು ಎಣ್ಣೆ ಬಿಡುತ್ತಿದ್ದರು. ಕರೆಂಟ್ ಹರಿಯುವ ತಾಮ್ರದ ಪಟ್ಟಿಗಳಿಗೆ ಮಾತ್ರ ಎಣ್ಣೆ ಸೋಕಗೊಡುತ್ತಿರಲಿಲ್ಲ. ಎಣ್ಣೆ ಹತ್ತಿದರೆ ಕರೆಂಟ್ ಹರಿಯದೆ ಮಿಷನ್ ನಿಂತುಬಿಡುತ್ತದೆ; ಅವಕ್ಕೆ ಒಣಬಟ್ಟೆ.

ಆಯುಧಪೂಜೆಗೆ ಅಮ್ಮ ಕಾರು, ಮಿಕ್ಸಿ, ಕೊನೆಗೆ ಕತ್ತರಿಗೂ ಕುಂಕುಮ ಇಡುತ್ತಿದ್ದಳು. ಇದಕ್ಕಿಲ್ಲ. "ಜೂಜಿನ ಮಿಷನ್ನಿಗೆ ಎಂಥ ಪೂಜೆ ರೀ?" ಎಂದರೆ ಅಪ್ಪ ನಗುತ್ತಿದ್ದರು.

ಅಪ್ಪನನ್ನು ಅಪ್ಪರ್ ಹಿಲ್ಲಿನ ಆಸ್ಪತ್ರೆಗೆ ಸೇರಿಸಿದ ವರ್ಷ, ಆಯುಧಪೂಜೆಯ ದಿನ, ಅಮ್ಮ ತಾನಾಗಿಯೇ ಈ ಬಾಗಿಲು ತೆಗೆದಳು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಒಂದೊಂದು ತಾಮ್ರದ ಪಟ್ಟಿಗೂ ಬೊಟ್ಟಿಟ್ಟು ಕೈಮುಗಿದಳು. "ಅವ್ರು ಬಂದು ಬೈಲಿ, ಬೈಸ್ಕೋತೀನಿ" ಎಂದಳು.

ಬೈಯಲು ಅಪ್ಪ ಬರಲಿಲ್ಲ.

ಈಗ ಅಮ್ಮನೂ ಇಲ್ಲ. ಬೊಟ್ಟುಗಳು ಕರಿಗಟ್ಟಿ ಕೂತಿವೆ. ಒರೆಸಿದರೆ ಮಿಷನ್ ಓಡುತ್ತದೆ.

"ಡಸ್ ಇಟ್ ವರ್ಕ್?" ಮಗಳು ಕೇಳಿದಳು.

"ಇಲ್ಲ ಕಣೇ" ಎಂದೆ. ಕೈಯಲ್ಲಿದ್ದ ಒಣಬಟ್ಟೆಯನ್ನು ಮಡಿಸಿಟ್ಟು ಬಾಗಿಲು ಮುಚ್ಚಿದೆ.